ಗಂಟು ಹಾಕಿದ ಹುಲ್ಲು

ಬೀದರಿನಿಂದ ಔರಾದಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ನನಗೆ ಎಡಗಡೆಯ ಕಿಟಕಿಯೇ ಆಗಬೇಕು. ಕಂಡಕ್ಟರನಿಗೂ ಇದು ಗೊತ್ತಾಗಿಹೋಗಿದೆ. "ಕಾಕಾ, ಜರಾ ಸರೀರಿ, ಅದು ಟೀಚರ್ ಸೀಟ್ ಅದ" ಎಂದು ಎಷ್ಟೋ ಸಲ ಅವನೇ ಯಾರನ್ನೋ ಎಬ್ಬಿಸಿದ್ದಾನೆ. ಜನವಾಡ ದಾಟಿ ಮಾಂಜ್ರಾ ಸೇತುವೆಯ ಮೇಲೆ ಬಸ್ಸು ಬಂದಾಗ ಹೊಳೆಯ ತಂಪು ಒಳಗೆ ನುಗ್ಗುತ್ತದೆ. ಅಲ್ಲಿಂದ ಮುಂದಿನ ಅರ್ಧ ತಾಸು ನನಗೆ ಪೂರ್ತಿ ನಿದ್ದೆಯೂ ಇರುವುದಿಲ್ಲ, ಪೂರ್ತಿ ಎಚ್ಚರವೂ ಇರುವುದಿಲ್ಲ. ಬೀದರಿನ ಕೆಂಪು ಮಣ್ಣು ಹಿಂದೆ ಉಳಿದು ಕರಿ ಮಣ್ಣು ಬರುತ್ತದೆ. ತೊಗರಿ, ಸೋಯಾ, ಹೆಸರಿನ ಹೊಲಗಳು ಬಂದು ಬಂದು ಹೋಗುತ್ತವೆ. ನಡುನಡುವೆ ಯಾರೂ ಬಿತ್ತದ, ಗಟ್ಟಿ ಗರಸಿನಂಥ ಮುರುಮಿನ ದಿಬ್ಬಗಳು, ಅವುಗಳ ಮೇಲೆ ಬರೀ ಹುಲ್ಲು. ಗಾಳಿಗೆ ಆ ಹುಲ್ಲು ಒಂದು ಕಡೆಯಿಂದ ಬಾಗುತ್ತ ಬಾಗುತ್ತ ಹೋದರೆ, ದಿಬ್ಬವೇ ಎದ್ದು ಎಲ್ಲಿಗೋ ಹೊರಟಿದೆ ಅನಿಸುತ್ತದೆ. ಆ ಹೊತ್ತಿನಲ್ಲಿ ನನಗೆ ನಮ್ಮವ್ವ ಕಾಣುತ್ತಾಳೆ. ಮುಖ ಕಾಣುವುದಿಲ್ಲ. ತಲೆಯ ಮೇಲಿನ ಹೊರೆ ಕಣ್ಣಿನ ತನಕ ಇಳಿದಿರುತ್ತದೆ; ಹೊರೆಯ ಕೆಳಗೆ ಎರಡು ಕಾಲು ಮಾತ್ರ ನಡೆಯುತ್ತಿರುತ್ತವೆ.

ನಮ್ಮವ್ವ ಹುಲ್ಲು ಮಾರುತ್ತಿದ್ದಳು. ಇದನ್ನು ಹೀಗೆ ಸಲೀಸಾಗಿ ಬರೆಯಲು ನನಗೆ ಬಹಳ ವರ್ಷ ಬೇಕಾದವು. ಭಾಲ್ಕಿ ತಾಲೂಕಿನಲ್ಲಿ ಭಾತಂಬ್ರಾ ಕಡೆ ನಮ್ಮ ಊರು. ನಮಗೆ ಹೊಲ ಇರಲಿಲ್ಲ. ಮಳೆಗಾಲ ಹಿಡಿದು ಹುಲ್ಲು ಮೊಣಕಾಲಿಗೆ ಬಂತೆಂದರೆ ನಮ್ಮ ಓಣಿಯ ಹೆಣ್ಣುಮಕ್ಕಳೆಲ್ಲ ಕುಡಗೋಲು ಹಿಡಿದು ಗಾಯರಾಣಕ್ಕೆ ಹೋಗುತ್ತಿದ್ದರು. ಗಾಯರಾಣ ಅಂದರೆ ಊರಿನ ದನ ಮೇಯಲಿ ಎಂದು ಹಿಂದಿನವರು ಬಿಟ್ಟ ಜಾಗ. ಅದು ಯಾರದೂ ಅಲ್ಲ, ಹಾಗಾಗಿ ನಮ್ಮದೂ ಹೌದು. ಕೊಯ್ದ ಹುಲ್ಲನ್ನು ಎಮ್ಮೆ ಕಟ್ಟಿದವರ ಮನೆಗಳಿಗೆ ಹಾಕಿ ಬರುತ್ತಿದ್ದರು. ಸಂಜೆ ಅವ್ವ ಹೊಸ್ತಿಲಲ್ಲಿ ಕೂತರೆ ನಾನು ಹಿಂದೆ ಕೂತು ಅವಳ ಕೂದಲಿನಿಂದ ಕುಸಳಿ ಆರಿಸುತ್ತಿದ್ದೆ. ಕುಸಳಿ ಹುಲ್ಲಿನ ಕಾಳಿಗೆ ಒಂದು ಮುಳ್ಳಿನಂಥ ಬಾಲ ಇರುತ್ತದೆ. ಬಟ್ಟೆಗೆ ಸಿಕ್ಕರೆ ತಾನೇ ತಿರುಚಿಕೊಂಡು ಒಳಗೆ ಇಳಿಯುತ್ತದೆ. ನಾನು ಓದಿದ್ದೆಲ್ಲ ಹಾಗೇ: ತೊಡೆಯ ಮೇಲೆ ಪುಸ್ತಕ, ಕೈ ಅವ್ವನ ತಲೆಯಲ್ಲಿ.

ಹೈಸ್ಕೂಲಿಗೆ ಭಾಲ್ಕಿಗೆ ಹೋಗತೊಡಗಿದ ಮೇಲೆ ಒಂದು ದಿನ ನಮ್ಮ ಮಾಸ್ತರರೊಬ್ಬರು ನನ್ನ ಯೂನಿಫಾರ್ಮಿನಿಂದ ಒಂದು ಕುಸಳಿ ಕಿತ್ತು, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. "ಹುಲ್ಲಿನಾಗ ಹುಟ್ಟೀದಿ, ಹುಲ್ಲಿನಾಗೇ ಉಳೀತಿ ನೋಡು" ಎಂದರು. ಕ್ಲಾಸು ನಕ್ಕಿತು. ನಾನೂ ನಕ್ಕೆ. ನಗದಿದ್ದರೆ ಅಳಬೇಕಾಗುತ್ತಿತ್ತು. ಆಮೇಲೆ ನಾನು ಓದಿದ ಅರ್ಧ ಓದು ಆ ಮಾತಿನ ಸಿಟ್ಟಿಗೆ. ಭಾಲ್ಕಿಯಲ್ಲಿ ಬಿ.ಎ., ಬೀದರಿನಲ್ಲಿ ಬಿ.ಎಡ್. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರಲ್ಲಿ ಮೊದಲನೆಯವಳು ನಾನು. ಈ ಮಾತನ್ನು ನಾನು ಸಣ್ಣ ದನಿಯಲ್ಲಿ ಹೇಳುವುದಿಲ್ಲ. ಅವ್ವ ನನ್ನ ಮಾರ್ಕ್ಸ್ ಕಾರ್ಡನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಕುಡಗೋಲು ತೂಗುವ ಗೂಟಕ್ಕೇ ತೂಗುಹಾಕಿದಳು. ನನಗೆ ಸರಿಬರಲಿಲ್ಲ. ಮರುದಿನ ಅದನ್ನು ತೆಗೆದು ಟ್ರಂಕಿನಲ್ಲಿಟ್ಟೆ.

ಔರಾದ ಕಡೆಯ ಒಂದು ಸಣ್ಣ ಊರಿನ ಸಾಲೆಗೆ ನೌಕರಿ ಬಂದಾಗ ನಾನು ಮೊದಲು ನೋಡಿದ್ದು ಸಾಲೆಯ ಹಿಂದಿನ ಬಯಲು. ಒಂದು ಗಿಡ ಇಲ್ಲ. ಕಾಗದದಲ್ಲಿ ಅದಕ್ಕೆ ಬೀಳು ಎಂದು ಬರೆದಿತ್ತು. ನಾನು ಕಲಿತ ಪುಸ್ತಕಗಳಲ್ಲಿ ಪರಿಸರ ಅಂದರೆ ಗಿಡ. ಗಿಡ ಇಲ್ಲದ ಜಾಗ ಅಂದರೆ ನಾವು ತಿದ್ದಬೇಕಾದ ಜಾಗ. ಹುಲ್ಲು ಸಾಕು ಅನಿಸುವಷ್ಟು ಹುಲ್ಲು ನಾನು ಕಂಡಿದ್ದೆ. ನನ್ನ ಮಕ್ಕಳಿಗೆ ನೆರಳು ಬೇಕು, ಹಣ್ಣು ಬೇಕು, ಸಾಲೆ ಅಂದರೆ ಒಂದು ತೋಪು ಇರಬೇಕು ಎಂದು ಬಸ್ಸಿನ ಕಿಟಕಿಯಲ್ಲಿ ಕೂತು ದಿನಾ ಕನಸು ಕಂಡೆ. ಆ ತೋಪಿನಲ್ಲಿ ಮಕ್ಕಳು ಪಾಠ ಓದುತ್ತಿದ್ದರು. ಯಾರ ಬಟ್ಟೆಯಲ್ಲೂ ಕುಸಳಿ ಇರುತ್ತಿರಲಿಲ್ಲ.

ಮೂರನೆಯ ವರ್ಷ ಮಳೆಗಾಲದಲ್ಲಿ ಅದಕ್ಕೆ ದಾರಿಯಾಯಿತು. ನರ್ಸರಿಯಿಂದ ಒಂದು ಟೆಂಪೊ ತುಂಬ ಸಸಿ ಕೊಡಲು ಒಪ್ಪಿದರು. ಬುಧವಾರ ಬರುತ್ತವೆ, ಅಷ್ಟರಲ್ಲಿ ಗುಂಡಿ ತೋಡಿ ಇಡಿ ಎಂದರು. ಶನಿವಾರ ಬೆಳಿಗ್ಗೆ ಇಡೀ ಸಾಲೆ ಬಯಲಿಗೆ ಇಳಿಯಿತು. ಹಗ್ಗ ಹಿಡಿದು, ಸುಣ್ಣ ಹಾಕಿ ನಾನೇ ಸಾಲು ಗುರುತು ಮಾಡಿದೆ. ಮುರುಮಿನ ನೆಲ, ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು. ದೊಡ್ಡ ಹುಡುಗರು ಅಗೆಯುವುದು, ಸಣ್ಣವರು ಮಣ್ಣು ಎತ್ತುವುದು.

ಆರನೆಯ ತರಗತಿಯ ಒಬ್ಬ ಹುಡುಗಿ ನನ್ನ ಹಗ್ಗದ ಹಿಂದೆಯೇ ಬರುತ್ತಿದ್ದಳು. ಆಡು ಸಾಕಿದವರ ಮನೆಯವಳು, ಅಜ್ಜಿಯ ಜೊತೆ ಇರುತ್ತಿದ್ದಳು. ಲೆಕ್ಕದಲ್ಲಿ ಚುರುಕು, ಮಾತು ಕಡಿಮೆ. ಮೂರನೆಯ ಸಾಲಿಗೆ ಸುಣ್ಣ ಹಾಕುವಾಗ ನನ್ನ ಸೆರಗು ಮುಟ್ಟಿದಳು.

"ಇಲ್ಲಿ ಬ್ಯಾಡ್ರಿ ಟೀಚರ್."

"ಯಾಕ?"

ಅವಳು ಹಾರೆ ಹಿಡಿದ ಹುಡುಗರ ಕಡೆ ಒಮ್ಮೆ ನೋಡಿದಳು. "ಸುಮ್ನ ರೀ. ಬ್ಯಾಡ" ಎಂದಳು.

"ಸುಮ್ನ ಅಂದ್ರ ಹ್ಯಾಂಗ? ಹೋಗು, ನೀರು ತಗೊಂಡು ಬಾ."

ಸ್ವಲ್ಪ ಹೊತ್ತಿಗೆ ಹೆಡ್ ಮಾಸ್ತರರು ಕೆಲಸ ನೋಡಲು ಬಂದರು. ಎತ್ತರದ, ನಗೆಮಾತಿನ ಮನುಷ್ಯ. ಫೋನಿನಲ್ಲಿ ಮಾತಾಡುತ್ತ ಮೂರನೆಯ ಸಾಲಿನ ಹತ್ತಿರ ಬಂದವರು ಒಮ್ಮೆಲೆ ಹುಲ್ಲಿನಲ್ಲಿ ಮಾಯವಾದರು. ಮಕ್ಕಳು ಓಡಿದರು. ಒಂದು ಕಾಲು ಗುಂಡಿಯಲ್ಲಿ, ಒಂದು ಕಾಲು ಮೇಲೆ, ಕನ್ನಡಕ ಎಲ್ಲೋ.

"ರಿಟೈರ್ ಆಗಲಾಕ ನನಗ ಇನ್ನೂ ಎರಡು ವರ್ಷ ಅದರೋ," ಅಂದರು ಕೂತಲ್ಲಿಂದಲೇ, "ಈಗೇ ಮಣ್ಣು ಕೊಡ್ತೀರೇನು?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವರನ್ನು ಎಬ್ಬಿಸುವಾಗ ನನ್ನ ಕಣ್ಣಿಗೆ ಬಿದ್ದದ್ದು ಗುಂಡಿಯ ಪಕ್ಕದಲ್ಲೇ ಗಂಟು ಹಾಕಿದ ಹುಲ್ಲು. ಹಳೆಯ ಒಣಗಿದ ಕಡ್ಡಿ, ಹೊಸ ಹಸಿರು ಗರಿ ಎರಡನ್ನೂ ಕೂಡಿಸಿ ಹಾಕಿದ ಗಂಟು. ನೋಡಿದರೆ ಆ ಸಾಲಿನಲ್ಲಿ ಇನ್ನೊಂದು, ಮುಂದಿನ ಸಾಲಿನಲ್ಲಿ ಮತ್ತೊಂದು. ಹುಲ್ಲಿಗೆ ಗಂಟು ಹಾಕಿ ಓಡುವವರನ್ನು ಕೆಡವುವ ಆಟ ನಮ್ಮ ಕಡೆ ಎಲ್ಲ ಮಕ್ಕಳಿಗೂ ಗೊತ್ತು. ನಾನೂ ಆಡಿದ್ದೆ.

"ಯಾರ ಹಾಕೀರಿ ಇದು?"

"ನಾ ಹಾಕೀನ್ರಿ," ಎಂದಳು ಆ ಹುಡುಗಿ. ನೀರಿನ ಕೊಡ ಇನ್ನೂ ಸೊಂಟದಲ್ಲೇ ಇತ್ತು.

"ಯಾಕ ಹಾಕಿದಿ?"

ಮಾತಿಲ್ಲ. ಮತ್ತೆ ಕೇಳಿದೆ. ಮಾತಿಲ್ಲ. ಸುತ್ತ ಹುಡುಗರು ಮುಸಿಮುಸಿ ನಗುತ್ತಿದ್ದರು. ಬಿಸಿಲು ಏರಿತ್ತು, ಬುಧವಾರ ಹತ್ತಿರ ಬರುತ್ತಿತ್ತು, ನನ್ನ ತೋಪಿಗೆ ಯಾರೋ ಅಡ್ಡ ಬಂದಂತೆ ಅನಿಸಿತು. ಆಗ ನನ್ನ ಬಾಯಿಂದ ಆ ಮಾತು ಬಂತು. ಅದೇ ಶಬ್ದ, ಅದೇ ದನಿ.

"ಹುಲ್ಲಿನಾಗ ಹುಟ್ಟೀದಿ, ಹುಲ್ಲಿನಾಗೇ ಉಳೀತಿ ನೋಡು."

ಅವಳು ಕೊಡವನ್ನು ಮೆಲ್ಲಗೆ ಕೆಳಗಿಟ್ಟಳು. ಹೆಡ್ ಮಾಸ್ತರರು ನನ್ನ ಮುಖ ನೋಡಿ, ಕನ್ನಡಕ ಒರೆಸಿಕೊಳ್ಳುತ್ತ ಹೋಗಿಬಿಟ್ಟರು.

ರವಿವಾರ ನಾನು ಭಾಲ್ಕಿಗೆ ಹೋದೆ. ಅವ್ವ ಈಗ ಅಲ್ಲಿ ನಮ್ಮ ತಮ್ಮನ ಮನೆಯಲ್ಲಿರುತ್ತಾಳೆ. ಅಂಗಳದಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಗಿಸಬೇಕೆಂದು ನಾನು ಹೆಡ್ ಮಾಸ್ತರರು ಬಿದ್ದ ಕತೆ ಹೇಳಿದೆ. ಮೊರ ನಿಂತಿತು.

"ಗಂಟು ಹ್ಯಾಂಗಿತ್ತು?"

"ಹ್ಯಾಂಗಂದ್ರ? ಗಂಟವ್ವಾ."

"ಎರಡು ಕಡೀದು ಹುಲ್ಲು ಹಿಡಿದು ನಡುವ ಕೂಡಿಸಿತ್ತೋ, ಒಂದೇ ಬುಡದ್ದು ಮ್ಯಾಲ ಕಟ್ಟಿತ್ತೋ?"

ನಾನು ಕಣ್ಣು ಮುಚ್ಚಿ ನೆನೆಸಿಕೊಂಡೆ. ಒಂದೇ ಬುಡದ್ದು. ತಲೆಯ ಮೇಲೆ ಕಟ್ಟಿದ ಜುಟ್ಟಿನ ಹಾಗೆ, ತುದಿ ಕೆಳಗೆ ಮಾಡಿ.

"ಅದಕ್ಕ ಯಾರ ಕಾಲು ಸಿಗತಾವ?" ಅವ್ವ ಮೊರವನ್ನು ಮತ್ತೆ ಆಡಿಸತೊಡಗಿದಳು. "ನಿಮ್ಮ ಸರ್ ನೀವು ತೋಡಿದ ತಗ್ಗಿಗಿ ಬಿದ್ದಾನ. ಆ ಹುಡುಗಿ ತತ್ತಿ ಕಾದಾಳ. ಎಷ್ಟ್ ಸಾಲಿ ಕಲತಿ ಮಗಳಾ, ಇದ್ ಮರತಿ?"

ಅಷ್ಟು ಹೇಳಿದ್ದೇ ತಡ, ಮರೆತದ್ದೆಲ್ಲ ಒಮ್ಮೆಲೆ ಬಂತು. ಎಲ್ಲೋ ನೀರಿನ ಕೆಳಗಿದ್ದ ಒಂದು ಊರು ಮೇಲೆ ಎದ್ದಂತೆ. ನಾನು ಐದಾರು ವರ್ಷದವಳು, ಹುಲ್ಲು ನನ್ನ ತಲೆಗಿಂತ ಎತ್ತರ. ಅವ್ವ ಕೊಯ್ಯುತ್ತ ಕೊಯ್ಯುತ್ತ ಒಂದು ಕಡೆ ನಿಲ್ಲುತ್ತಾಳೆ. ಬುರ್ಲಿ ಎನ್ನುವ ಗುಂಡನೆಯ ಸಣ್ಣ ಹಕ್ಕಿ ಕಾಲಿನ ಹತ್ತಿರದಿಂದ ಭುರ್ರನೆ ಏಳುತ್ತದೆ. ಬುರ್ಲಿ ನೆಲದಲ್ಲೇ, ಹುಲ್ಲಿನ ಬುಡದಲ್ಲೇ ಮೊಟ್ಟೆ ಇಡುವುದು. ಅವ್ವ ಬಾಯಿ ಬಿಡುವುದಿಲ್ಲ. ಅಷ್ಟು ಹುಲ್ಲು ಹಾಗೇ ಬಿಟ್ಟು, ಪಕ್ಕದ ಒಂದು ಬುಡಕ್ಕೆ ಗಂಟು ಹಾಕಿ ಮುಂದೆ ಹೋಗುತ್ತಾಳೆ. ಹಿಂದೆ ಬರುವ ಹೆಣ್ಣುಮಕ್ಕಳು ಗಂಟು ನೋಡಿ ಸುತ್ತು ಹಾಕಿ ಕೊಯ್ಯುತ್ತಾರೆ. ಯಾರೂ ಕೂಗಿ ಹೇಳುವಂತಿಲ್ಲ. ಕೂಗಿದರೆ ಹುಡುಗರು ಬಂದು ಮೊಟ್ಟೆ ಒಯ್ಯುತ್ತಾರೆ, ಬಲೆ ಹಾಕುವವರು ಬರುತ್ತಾರೆ. ಅದಕ್ಕೇ ಮಾತಿನ ಬದಲು ಗಂಟು. ಎಲ್ಲರ ಎದುರಿಗೆ ಯಾಕೆ ಯಾಕೆ ಎಂದು ನಾನು ಕೇಳಿದಾಗ ಆ ಹುಡುಗಿ ಏನು ಹೇಳಬೇಕಿತ್ತು?

ಜೋಳದ ಹೊಟ್ಟು ಬಿಸಿಲಿನಲ್ಲಿ ಹಾರಿ ಅವ್ವನ ಕೂದಲಿನ ಮೇಲೆ ಕೂರುತ್ತಿತ್ತು. ನಾನು ಅಭ್ಯಾಸದಿಂದ ಅದನ್ನು ಆರಿಸತೊಡಗಿದೆ. ಆ ಹುಡುಗಿಗೆ ಏನು ಅಂದೆನೆಂಬುದನ್ನು ಅವ್ವನಿಗೆ ಹೇಳಲು ಬಾಯಿ ಬರಲಿಲ್ಲ.

ಸೋಮವಾರ ಹಾಜರಿ ಕರೆದಾಗ ಅವಳು ಇರಲಿಲ್ಲ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳ ಮನೆಗೆ ಹೋದೆ. ಅಜ್ಜಿ ಹೊರಗೆ ಕೂತು ಹುಲ್ಲಿನ ಕಸಬರಿಗೆ ಕಟ್ಟುತ್ತಿದ್ದಳು.

"ಬರ್ರಿ ಟೀಚರ್, ಬರ್ರಿ. ಹುಲ್ಲಿನಾಗ ಹುಟ್ಟಿದವರ ಮನಿಗಿ ಬಂದೀರಿ, ಸೀರಿ ಜ್ವಾಕಿ, ಕುಸಳಿ ಹತ್ತಾವು."

ನಾನು ನೆಲದ ಮೇಲೆ ಕೂತೆ. "ತಪ್ಪಾಗ್ಯಾದ ಆಯಿ. ಎಲ್ಲಿದ್ದಾಳ?"

"ಆಡಿನ ಹಿಂದ ಹೋಗ್ಯಾಳ. ಸಾಲಿ ಸಾಕಂತ. ನಾನೂ ಸಾಕಂದಿನಿ. ಮನ್ಯಾಗ ಕೈಕಾಲಿಗಿ ಒಬ್ಬಾಕಿ ಬೇಕಲ್ಲ?" ಕಸಬರಿಗೆಯನ್ನು ನೆಲಕ್ಕೆ ಒಮ್ಮೆ ಕುಟ್ಟಿದಳು. "ಆದ್ರ ಒಂದ್ ಮಾತು ಕೇಳ್ತೇನಿ. ಲೆಕ್ಕದಾಗ ಶಾಣ್ಯಾ ಅದಾಳಂತ ನೀವೇ ಹೇಳಿದ್ರಿ. ಅದು ಖರೇ ಏನ್ರೀ?"

"ಖರೇ ಆಯಿ."

"ಮತ್ತ ಹೋಗಿ ಕರ್ಕೊಂಡು ಬರ್ರಿ. ನಾ ಕರೆಯಲ್ಲ."

ಬಯಲಿನಲ್ಲಿ ಗಾಳಿ ಇತ್ತು. ಮೋಡದ ನೆರಳುಗಳು ಹುಲ್ಲಿನ ಮೇಲೆ ನಿಧಾನಕ್ಕೆ ಹರಿಯುತ್ತಿದ್ದವು. ದೂರದ ಏರಿನಲ್ಲಿ ನಾಲ್ಕೈದು ಚಿಗರಿ ನಿಂತಿದ್ದವು. ಗಂಡುಗಳ ಬೆನ್ನು ಕಪ್ಪು, ಸುರುಳಿ ಕೊಂಬು. ನಾನು ಮೂರು ವರ್ಷ ಆ ಬಯಲನ್ನು ದಿನಾ ನೋಡಿದ್ದೆ. ಅಂದು ಮೊದಲ ಸಲ ಅದರೊಳಗೆ ಹೋಗುತ್ತಿದ್ದೇನೆ ಅನಿಸಿತು. ಹುಡುಗಿ ಒಂದು ಕಲ್ಲಿನ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು, ಮುಖ ಮಾತ್ರ ಆಡುಗಳ ಕಡೆ.

ನಾನು ಕೆಳಗೆ ಕೂತು ಒಂದು ಬುಡ ಹುಲ್ಲು ಹಿಡಿದೆ. ಬೆರಳಿಗೆ ನೆನಪಿತ್ತು. ಮೇಲೆ ತಂದು, ತಿರುವಿ, ತುದಿ ಕೆಳಗೆ ಮಾಡಿ ಎಳೆದೆ.

ಅವಳು ಬಗ್ಗಿ ನೋಡಿದಳು. "ಸಡ್ಲ ಆಗ್ಯಾದ್ರಿ" ಅಂದಳು. ಆಮೇಲೆ, "ನಿಮಗ ಯಾರ ಕಲಿಸ್ಯಾರ?"

"ನಮ್ಮವ್ವ. ಹುಲ್ಲು ಮಾರ್ತಿದ್ದಳು."

ಆ ಸಾಲೆಯಲ್ಲಿ, ಆ ಊರಿನಲ್ಲಿ ನಾನು ಅದನ್ನು ಯಾರಿಗೂ ಹೇಳಿರಲಿಲ್ಲ. ಅವಳು ನನ್ನ ಸೀರೆಯ ಕಡೆ, ಬ್ಯಾಗಿನ ಕಡೆ, ಮತ್ತೆ ನನ್ನ ಮುಖದ ಕಡೆ ನೋಡಿದಳು.

"ನನಗೂ ಒಬ್ರು ಮಾಸ್ತರ್ ಹಂಗೇ ಅಂದಿದ್ರು. ನಾ ಅದನ್ನ ನಿನಗ ಅಂದೆ. ಅನ್ನಬಾರದಿತ್ತು."

ಅವಳು ಬೆರಳು ಬಾಯಿಗಿಟ್ಟು ಸುಮ್ಮನಿರುವಂತೆ ಸನ್ನೆ ಮಾಡಿ ನನ್ನನ್ನು ಮೂರನೆಯ ಸಾಲಿಗೆ ಕರೆದೊಯ್ದಳು. ಹೆಡ್ ಮಾಸ್ತರರು ಬಿದ್ದ ಗುಂಡಿಯಿಂದ ಎರಡು ಹೆಜ್ಜೆ. ಹುಲ್ಲು ಸರಿಸಿದಳು. ಒಣ ಎಲೆಯ ಬಣ್ಣದ, ಚುಕ್ಕೆ ಚುಕ್ಕೆಯ ಮೊಟ್ಟೆಗಳು. ಇನ್ನೂ ಬೆಚ್ಚಗಿದ್ದವೋ ಏನೋ, ಮುಟ್ಟಲು ಬಿಡಲಿಲ್ಲ.

"ಗಿಡ ಹಚ್ಚಿದ್ರ ನೆರಳಾತದ್ರಿ," ಎಂದಳು ಬಹಳ ಮೆಲ್ಲಗೆ. "ನೆರಳಾದ್ರ ಹುಲ್ಲು ಬರಲ್ಲ. ಹುಲ್ಲು ಬರಲ್ಲಂದ್ರ ಇವು ಎಲ್ಲಿ ಹೋಗಬೇಕ್ರಿ? ಚಿಗರಿ ಎಲ್ಲಿ ಹೋಗಬೇಕು? ನಮ್ಮ ಆಡು?"

ನಾನು ಓದಿದ ಯಾವ ಪುಸ್ತಕದಲ್ಲೂ ಈ ಪ್ರಶ್ನೆ ಇರಲಿಲ್ಲ.

"ನಾಳೆ ಸಾಲಿಗೆ ಬರ್ತಿಯೇನು?"

"ಇಲ್ಲಿ ಗಿಡ ಹಚ್ಚಲ್ಲಂದ್ರ ಬರ್ತೇನಿ."

ಹಚ್ಚಲ್ಲ ಎಂದು ಮಾತು ಕೊಟ್ಟೆ. ಟೆಂಪೊ ಬರಲು ನಡುವೆ ಒಂದೇ ದಿನ ಇತ್ತು. ಹೆಡ್ ಮಾಸ್ತರರಿಗೆ ಹೇಳಿದೆ. ಅವರು ತಲೆ ಮೇಲೆ ಕೈ ಇಟ್ಟುಕೊಂಡು, "ಶನಿವಾರ ನನ್ನ ತಗ್ಗಿನಾಗ ಕೆಡವಿದ್ರಿ, ಬುಧವಾರಕ್ಕ ಮತ್ತೊಂದು ತಗ್ಗು ತೋಡೀರಿ" ಅಂದರು. ಪಂಚಾಯತಿ ಮೆಂಬರರನ್ನು ಕರೆಸಿದರು. ಅವರು ಬಿಳಿ ಅಂಗಿ ಇಸ್ತ್ರಿ ಮಾಡಿಸಿ ಇಟ್ಟಿದ್ದರಂತೆ, ಸಸಿ ಹಚ್ಚುವ ಫೋಟೊಕ್ಕೆ.

"ಗಿಡ ಬ್ಯಾಡ ಅನ್ನೋ ಟೀಚರ್‌ನ ನಾ ಇದೇ ಮೊದಲ ನೋಡ್ಲತೀನಿ. ಡಿಗ್ರಿ ಓದೀರಿಲ್ಲ?"

"ಓದೀನ್ರಿ. ಅದಕ್ಕೇ ಬಯಲಿಗಿ ತಗ್ಗು ತೋಡಿಸೀನಿ. ಓದಲಾರದ ನಮ್ಮವ್ವ ಇಲ್ಲಿ ಇದ್ದಿದ್ರ ತೋಡಸ್ತಿದ್ದಿಲ್ಲ."

ಮೆಂಬರರು ನಕ್ಕುಬಿಟ್ಟರು. ಫೋಟೊ ಎಲ್ಲಿಯಾದರೂ ಆದೀತು, ಗಿಡ ಊರೊಳಗೇ ಬರಲಿ, ಬಯಲು ಹಾಗೇ ಇರಲಿ ಎಂದು ಒಪ್ಪಿದರು. ಅವರ ಆಡುಗಳೂ ಆ ಬಯಲಿನಲ್ಲೇ ಮೇಯುತ್ತಿದ್ದವು ಎಂಬುದು ನನಗೆ ಆಮೇಲೆ ತಿಳಿಯಿತು.

ಮಂಗಳವಾರ ಪ್ರಾರ್ಥನೆಯ ಹೊತ್ತಿಗೆ ಅವಳು ಸಾಲಿನ ಕೊನೆಯಲ್ಲಿ ನಿಂತಿದ್ದಳು. ಬಯಲಿಗೆ ಗಿಡ ಬೇಕೆಂದು ನಾನು ತಪ್ಪು ಲೆಕ್ಕ ಹಾಕಿದ್ದೆ ಎಂದು ಮಕ್ಕಳೆಲ್ಲರ ಮುಂದೆ ಹೇಳಿದೆ. ಶನಿವಾರ ಒಬ್ಬರಿಗೆ ಅಂದ ಮಾತನ್ನು ಹಿಂದೆ ತಗೊಂಡೆ ಎಂದೂ ಹೇಳಿದೆ. ಮೊಟ್ಟೆಯ ಸುದ್ದಿ ಮಾತ್ರ ಎತ್ತಲಿಲ್ಲ. ಅದು ಅವಳದು, ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಎನ್ನುವುದನ್ನು ಅವಳಿಗೇ ಬಿಟ್ಟೆ. ಬುಧವಾರ ಬಂದ ಬೇವು, ಹುಣಸೆ, ಹೊಂಗೆ ಸಸಿಗಳನ್ನು ಮಕ್ಕಳು ಕಂಕುಳಲ್ಲಿ ಕೂಸಿನ ಹಾಗೆ ಎತ್ತಿಕೊಂಡು ಹೋಗಿ ರಸ್ತೆಯ ಪಕ್ಕ, ಬಾವಿಯ ಹತ್ತಿರ, ಮನೆಯ ಹಿತ್ತಲಲ್ಲಿ ಹಚ್ಚಿದರು. ಕೆಲವು ಒಣಗಿದವು. ಒಂದು ಬೇವನ್ನು ಅಜ್ಜಿಯ ಆಡೇ ತಿಂದಿತು.

ಆ ಮಳೆಗಾಲದಲ್ಲಿ ಅವಳು ಮೊದಲು ಇಬ್ಬರು ಗೆಳತಿಯರಿಗೆ ಗಂಟು ಕಲಿಸಿದಳು. ಆಮೇಲೆ ಮೊಟ್ಟೆ ಕದಿಯುವುದರಲ್ಲಿ ಎಲ್ಲರಿಗಿಂತ ಮುಂದಿದ್ದ ಒಬ್ಬ ಹುಡುಗನಿಗೆ. ನನಗೆ ಹೆದರಿಕೆಯಾಯಿತು. "ಅವಗ ಹೇಳಿದ್ರೇನೇ ಉಳಿತಾವ್ರಿ. ಈಗ ಅವನೇ ಕಾಯ್ತಾನ" ಎಂದಳು. ಕಾದ. ಅವನು ಕಾಯುವುದನ್ನು ನೋಡಿ ಉಳಿದವರಿಗೆ ಹೊಟ್ಟೆಕಿಚ್ಚಾಗಿ ಅವರೂ ಕಾದರು. ಮಕ್ಕಳು ಮನೆಮನೆಗೆ ಹೋಗಿ ಹುಲ್ಲುಗಳ ಹೆಸರು ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಅಂಟಿಸಿ ಬರೆದರು. ಒಂದೇ ಹುಲ್ಲಿಗೆ ಕನ್ನಡದಲ್ಲೊಂದು, ಮರಾಠಿಯಲ್ಲೊಂದು, ಉರ್ದುವಿನಲ್ಲೊಂದು ಹೆಸರು. ಯಾವುದು ಖರೇ ಎಂದು ಜಗಳವಾದಾಗ ಅಜ್ಜಿಯನ್ನು ಸಾಲೆಗೆ ಕರೆಸಿದೆವು. ಅವಳು ನನ್ನ ಕುರ್ಚಿಯಲ್ಲಿ ಕೂತು, "ಮೊದಲ ನನ್ನ ಹಾಜರಿ ಹಾಕ್ರಿ, ಆಮ್ಯಾಲ ಹೇಳ್ತೇನಿ" ಅಂದಳು. ಹಾಕಿದೆ. ಮುಂದಿನ ರವಿವಾರ ಭಾಲ್ಕಿಗೆ ಹೋದಾಗ ಟ್ರಂಕು ತೆಗೆದು, ಮಾರ್ಕ್ಸ್ ಕಾರ್ಡನ್ನು ಅವ್ವನ ಹಳೆಯ ಕುಡಗೋಲು ತೂಗುವ ಗೂಟಕ್ಕೇ ಮತ್ತೆ ತೂಗುಹಾಕಿದೆ. ಅವ್ವ ಬಂದು ಅದರ ಧೂಳು ಒರೆಸಿದಳು.

ನಾವು ತೋಡಿದ ಗುಂಡಿಗಳನ್ನು ಮುಚ್ಚಿದೆವು. ಮೂರನೆಯ ಸಾಲನ್ನು ಮಾತ್ರ ಮರಿಗಳು ಹೊರಡುವ ತನಕ ಮುಟ್ಟಲು ಅವಳು ಬಿಡಲಿಲ್ಲ. ಆಮೇಲೆ ಅದು ಹಾಗೇ ಉಳಿಯಿತು. ಮುರುಮಿನ ನೆಲ ಗಾಯ ಬೇಗ ಮಾಯಿಸಿಕೊಳ್ಳುವುದಿಲ್ಲ. ಮಳೆ ಬಂದರೆ ಆ ಗುಂಡಿಗಳಲ್ಲಿ ನೀರು ನಿಂತು ಸಾಲಾಗಿ ಮೋಡ ಕಾಣುತ್ತದೆ. ಬೆಳಿಗ್ಗೆ ಬೇಗ ಬಂದ ದಿನ ಅವುಗಳ ಅಂಚಿನಲ್ಲಿ ಚಿಗರಿಯ ಗೊರಸಿನ ಗುರುತು ನೋಡಿದ್ದೇನೆ. ಹೊರಗಿನಿಂದ ಯಾರಾದರೂ ಸಾಲೆ ನೋಡಲು ಬಂದರೆ ಮಕ್ಕಳು ಮೊದಲು ಅಲ್ಲಿಗೇ ಕರೆದೊಯ್ಯುತ್ತಾರೆ. "ಇವು ನಮ್ಮ ಟೀಚರ್ ತಗ್ಗುರಿ" ಎಂದು ತೋರಿಸುತ್ತಾರೆ.

ಆ ಹುಡುಗಿ ಈಗ ಔರಾದಿನ ಹೈಸ್ಕೂಲಿಗೆ ಹೋಗುತ್ತಾಳೆ. ನಾನು ಬಸ್ ಇಳಿಯುವ ಫಾಟಾದಲ್ಲೇ, ಊರಿನ ದಾರಿ ರಸ್ತೆಗೆ ಕೂಡುವಲ್ಲೇ, ಅವಳು ಹತ್ತುವುದು. ಮೊನ್ನೆ ಮಳೆ ಹನಿಯುತ್ತಿತ್ತು. ಅವಳ ಯೂನಿಫಾರ್ಮಿನ ಅಂಚಿನಲ್ಲಿ ಎರಡು ಕುಸಳಿ ಸಿಕ್ಕಿದ್ದವು. ಆರಿಸಲು ನನ್ನ ಕೈ ಮುಂದಾಯಿತು. "ಇರಲಿ ಬಿಡ್ರಿ ಟೀಚರ್, ದಿನಾ ಬರ್ತಾವ" ಎಂದು ಮೇಲೆ ಹತ್ತಿ ಹೋಗಿ, ನಾನು ಬಿಟ್ಟ ಎಡಗಡೆಯ ಸೀಟಿನಲ್ಲಿ ಕೂತಳು. ಬಸ್ಸು ಹೊರಟಾಗ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ನಿಮ್ಮ ತಗ್ಗಿನ ಬಾಜೂಕ ಎರಡು ಗಂಟು ಹಾಕೀನ್ರಿ. ನೋಡಿ ನಡೀರಿ. ಹೆಡ್ ಸರ್ ಹಂಗ ಬೀಳಬ್ಯಾಡ್ರಿ!"